ಮಗು ಕೈತಪ್ಪುವುದು ಎರಡು ಟೇಬಲ್‌ಗಳ ನಡುವೆ

ಎಚ್‌ಐವಿ ಇರುವ ತಾಯಿಗೆ ಹುಟ್ಟಿದ ಮಗುವಿಗೂ ಎಚ್‌ಐವಿ ಬಂದೇ ಬರುತ್ತದೆ ಅಂತ ನಮ್ಮಲ್ಲಿ ಇನ್ನೂ ಎಷ್ಟೋ ಜನ ನಂಬಿದ್ದಾರೆ. ಹಾಗೇನಿಲ್ಲ. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ತಗಲುತ್ತದೆ. ತಾಯಿ ತಪ್ಪದೆ ಮಾತ್ರೆ ನುಂಗಿ, ಮಗುವಿಗೂ ಹುಟ್ಟಿದ ದಿನದಿಂದ ಔಷಧಿ ಹಾಕಿದರೆ, ಎದೆಹಾಲು ಕುಡಿಸುತ್ತಲೇ ಅದನ್ನು ನೂರಕ್ಕೆ 5ಕ್ಕಿಂತ ಕೆಳಗೆ ಇಳಿಸಬಹುದು. ಇಷ್ಟು ಗೊತ್ತಿದ್ದೂ 2023ರಲ್ಲಿ ಜಗತ್ತಿನಲ್ಲಿ ಸುಮಾರು 1,20,000 ಮಕ್ಕಳಿಗೆ ಹೊಸದಾಗಿ ಸೋಂಕು ತಗುಲಿತು. ಅವರಲ್ಲಿ ಹೆಚ್ಚಿನವರು ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕಾದವರು. ಔಷಧಿ ಇದೆ, ಪರೀಕ್ಷೆ ಇದೆ, ಆದರೂ ಯಾಕೆ ಹೀಗೆ? ಇದರ ಒಂದಷ್ಟು ಉತ್ತರ ನನಗೆ ಆಫ್ರಿಕಾದ ಮಲಾವಿ ದೇಶದಲ್ಲಿ ಸಿಕ್ಕಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮಕ್ಕಳ ವಾರ್ಡಿನ ನರ್ಸ್. ಊರು ಬಾಗಲಕೋಟೆ ಕಡೆ. ಅಲ್ಲಿಗೆ ಹೋಗುವ ಮೊದಲು ನಮ್ಮ ಕಡೆಯ ಎಆರ್‌ಟಿ ಕೇಂದ್ರವೊಂದರಲ್ಲಿ, ಅಂದರೆ ಎಚ್‌ಐವಿ ಹತೋಟಿಯಲ್ಲಿಡುವ ಮಾತ್ರೆ ಕೊಡುವ ಕಡೆ, ಕೆಲಸ ಮಾಡಿದ್ದೆ, ಹಾಗಾಗಿ ಕಾಯಿಲೆಯೂ ಹೊಸದಲ್ಲ, ಮಾತ್ರೆಗಳೂ ಹೊಸವಲ್ಲ. 2017ರಲ್ಲಿ ಮಲಾವಿಗೆ ಹೋದಾಗ ನನಗೆ ಕೊಟ್ಟ ಕೆಲಸ ರೋಗಿಗಳನ್ನು ನೋಡುವುದಲ್ಲ. ಆರೋಗ್ಯ ಕೇಂದ್ರದ ಸಿಬ್ಬಂದಿ ಜೊತೆ ಕೂತು, ಎಚ್‌ಐವಿ ಇರುವ ತಾಯಂದಿರ ಮಕ್ಕಳ ಆರೈಕೆ ಎಲ್ಲಿ ತಪ್ಪುತ್ತಿದೆ ಅಂತ ಹುಡುಕಿ, ಅಲ್ಲಿರುವ ಜನರನ್ನೇ, ಅಲ್ಲಿರುವ ಸಾಮಾನನ್ನೇ ಇಟ್ಟುಕೊಂಡು ಸರಿ ಮಾಡುವುದು. ಹಲವು ಕೇಂದ್ರಗಳಿಗೆ ಓಡಾಡುತ್ತಿದ್ದೆ. ಇಲ್ಲಿ ಹೇಳುವುದು ಹೆಚ್ಚಾಗಿ ಒಂದರ ಬಗ್ಗೆ, ಮಧ್ಯ ಮಲಾವಿಯ ಹಳ್ಳಿಗಾಡಿನದು. ಅದರ ಹೆಸರು ಬೇಡ, ಅಲ್ಲಿನ ಜನ ನನ್ನ ಸ್ನೇಹಿತರು.

ಅಲ್ಲಿನ ಆರೋಗ್ಯ ಕೇಂದ್ರವನ್ನು ನಮ್ಮ ಪಿಎಚ್‌ಸಿ ಥರ ಅಂದುಕೊಳ್ಳಬಹುದು. ಆದರೆ ಎಂಬಿಬಿಎಸ್ ಡಾಕ್ಟರ್ ಇರುವುದಿಲ್ಲ. ಮೆಡಿಕಲ್ ಅಸಿಸ್ಟೆಂಟ್ ಒಬ್ಬರು, ಹೆರಿಗೆಯನ್ನೂ ಮಾಡಿಸುವ ಒಂದಿಬ್ಬರು ನರ್ಸ್‌ಗಳು, ಲಸಿಕೆ ಹಾಕುವ ಮತ್ತು ಹಳ್ಳಿ ಸುತ್ತುವ ಎಚ್‌ಎಸ್‌ಎ ಅನ್ನುವ ಆರೋಗ್ಯ ಕಾರ್ಯಕರ್ತರು, ಎಚ್‌ಐವಿ ಪರೀಕ್ಷೆಗೆಂದೇ ತರಬೇತಿ ಪಡೆದ ಎಚ್‌ಡಿಎ. ಅಷ್ಟೇ ಜನ. ಬೆಳಿಗ್ಗೆ ಆರಕ್ಕೇ ಜಗಲಿ ತುಂಬಿ ಹೋಗುತ್ತದೆ. ಹೆಂಗಸರು ಮಗುವನ್ನು ಚಿಟೆಂಜೆ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಎರಡು ಮೂರು ಗಂಟೆ ನಡೆದು ಬಂದಿರುತ್ತಾರೆ. ಮಳೆಗಾಲದಲ್ಲಿ ಇನ್ನೂ ಜಾಸ್ತಿ ಹೊತ್ತು. ಜನವರಿ, ಫೆಬ್ರವರಿಯಲ್ಲಿ ಹಿಂದಿನ ವರ್ಷದ ಮೆಕ್ಕೆಜೋಳ ಮುಗಿದು ಹೊಸ ಬೆಳೆ ಇನ್ನೂ ಕೈಗೆ ಬಂದಿರುವುದಿಲ್ಲ. ಆಗ ಊಟ ಮಾಡದೇ ಬರುವವರೂ ಇರುತ್ತಾರೆ.

ಇಷ್ಟು ಬಡತನದ ಈ ದೇಶ 2011ರಲ್ಲಿ ಜಗತ್ತಿಗೇ ಮೊದಲಾಗಿ ಒಂದು ನಿರ್ಧಾರ ಮಾಡಿತು. ಗರ್ಭಿಣಿಗೋ ಹಾಲೂಡಿಸುವ ತಾಯಿಗೋ ಎಚ್‌ಐವಿ ಇದೆ ಅಂತ ಗೊತ್ತಾದರೆ ಸಾಕು, ಎಆರ್‌ಟಿ ಶುರು, ಜೀವನಪೂರ್ತಿ. ಅದಕ್ಕೂ ಮೊದಲು ರಕ್ತದಲ್ಲಿ ರೋಗನಿರೋಧಕ ಕಣಗಳು ಎಷ್ಟಿವೆ ಅನ್ನುವ ಸಿಡಿ4 ಲೆಕ್ಕ ನೋಡಿ ಯಾರಿಗೆ ಮಾತ್ರೆ, ಯಾರಿಗೆ ಈಗಲೇ ಬೇಡ ಅಂತ ತೀರ್ಮಾನ ಮಾಡುತ್ತಿದ್ದರು. ಹಳ್ಳಿಗಳಲ್ಲಿ ಸಿಡಿ4 ಮಷಿನ್ನೇ ಇಲ್ಲದ ಮೇಲೆ ಲೆಕ್ಕ ನೋಡುವುದು ಹೇಗೆ? ಮಷಿನ್ ಬರುವ ತನಕ ಕಾಯುವುದು ಬೇಡ, ಎಲ್ಲರಿಗೂ ಕೊಡೋಣ ಅಂದರು. ಆಪ್ಷನ್ ಬಿ ಪ್ಲಸ್ ಅಂತ ಅದರ ಹೆಸರು. 2013ರ ಮಾರ್ಗಸೂಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಒಪ್ಪಿತು, ಆಮೇಲೆ ಭಾರತಕ್ಕೂ ಬಂತು. ನಾನು ಊರಲ್ಲಿ ಗರ್ಭಿಣಿಯರಿಗೆ ಮಾತ್ರೆ ಕೊಡುತ್ತಿದ್ದ ಪದ್ಧತಿ ಶುರುವಾಗಿದ್ದು ಮಲಾವಿಯಲ್ಲಿ ಅಂತ ತಿಳಿದಾಗ ಆ ದೇಶದ ಮೇಲೆ ಬಂದ ಗೌರವ ಇವತ್ತಿಗೂ ಕಡಿಮೆ ಆಗಿಲ್ಲ.

ತಾಯಿಯ ಮಟ್ಟಿಗೆ ಕೆಲಸ ಚೆನ್ನಾಗಿಯೇ ನಡೆದಿತ್ತು. ಮಗುವಿನ ಕೆಲಸ ಬೇರೆ ಥರದ್ದು. ಹುಟ್ಟಿದ ದಿನದಿಂದ ಆರು ವಾರ, ಸೋಂಕು ತಗಲದ ಹಾಗೆ ತಡೆಯುವ ನೆವಿರಪಿನ್ ಸಿರಪ್ ಕುಡಿಸಬೇಕು. ಆರು ವಾರ ಆದಮೇಲೆ ನ್ಯುಮೋನಿಯಾದಂಥ ಕಾಯಿಲೆ ತಡೆಯುವ ಕೋಟ್ರಿಮಾಕ್ಸಜೋಲ್ ಶುರು ಮಾಡಬೇಕು, ಸೋಂಕು ಇಲ್ಲ ಅಂತ ಖಾತ್ರಿ ಆಗುವ ತನಕ ಅದನ್ನು ಬಿಡುವ ಹಾಗಿಲ್ಲ. ಆರನೇ ವಾರಕ್ಕೇ ಮೊದಲ ಪರೀಕ್ಷೆ, ವರ್ಷಕ್ಕೆ ಇನ್ನೊಂದು, ಎರಡು ವರ್ಷಕ್ಕೆ ಹಾಲು ಬಿಡಿಸಿದ ಮೇಲೆ ಕೊನೆಯದು. ಒಂದು ಮಗುವಿಗೆ ಎರಡು ವರ್ಷದ ದಾರಿ ಇದು.

ಪರೀಕ್ಷೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ದೊಡ್ಡವರಿಗೆ ಬೆರಳು ಚುಚ್ಚಿ ಮಾಡುವ ಪರೀಕ್ಷೆ ಆಂಟಿಬಾಡಿ ಹುಡುಕುತ್ತದೆ, ಅಂದರೆ ವೈರಸ್ ವಿರುದ್ಧ ಮೈ ತಯಾರಿಸುವ ಪ್ರತಿಕಾಯ. ತಾಯಿಯ ಆಂಟಿಬಾಡಿ ಮಗುವಿನ ಮೈಯಲ್ಲಿ 18 ತಿಂಗಳ ತನಕ ಇರಬಹುದು, ಹಾಗಾಗಿ ಸೋಂಕೇ ಇಲ್ಲದ ಕೂಸಿಗೂ ಪಾಸಿಟಿವ್ ಬರುತ್ತದೆ. ಕೂಸಿಗೆ ವೈರಸ್ಸನ್ನೇ ಹುಡುಕುವ ಪರೀಕ್ಷೆ ಬೇಕು. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲೂ ಇತ್ತಲ್ಲ, ಅದೇ ಪಿಸಿಆರ್. ಅದಕ್ಕೆ ದೊಡ್ಡ ಲ್ಯಾಬ್ ಬೇಕು, ಲ್ಯಾಬ್ ಇರುವುದು ದೊಡ್ಡ ಊರಲ್ಲಿ. ಮತ್ತೆ ಇದರಲ್ಲಿ ತಡ ಮಾಡುವ ಹಾಗೇ ಇಲ್ಲ. ಸೋಂಕು ಇರುವ ಮಕ್ಕಳಿಗೆ ಚಿಕಿತ್ಸೆ ಸಿಗದಿದ್ದರೆ ಮೂವರಲ್ಲಿ ಒಬ್ಬರು ಒಂದು ವರ್ಷ ತುಂಬುವ ಮೊದಲೇ ಹೋಗಿಬಿಡುತ್ತಾರೆ, ಎರಡು ವರ್ಷದೊಳಗೆ ಅರ್ಧದಷ್ಟು ಮಕ್ಕಳು. ಹುಟ್ಟುವಾಗಲೇ ಸೋಂಕು ತಗುಲಿದ ಮಕ್ಕಳಲ್ಲಿ ಸಾವು ಅತಿ ಹೆಚ್ಚಿರುವುದು ಎರಡು ಮೂರನೇ ತಿಂಗಳಲ್ಲಿ. ದಕ್ಷಿಣ ಆಫ್ರಿಕಾದ ಚೆರ್ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಕಾಯಿಲೆ ಜೋರಾಗುವ ತನಕ ಕಾಯದೆ, ಪತ್ತೆಯಾದ ಕೂಡಲೇ ಔಷಧಿ ಶುರು ಮಾಡಿದ ಕೂಸುಗಳಲ್ಲಿ ಸಾವು ಶೇ. 76ರಷ್ಟು ಕಡಿಮೆ ಇತ್ತು. ಹಾಗಾಗಿ ಆರನೇ ವಾರ ಅಂದರೆ ಆರನೇ ವಾರವೇ. ಮುಂದಿನ ತಿಂಗಳು ನೋಡೋಣ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಶುರುವಿನಲ್ಲಿ ನಾವು ಮಾಡಿದ್ದು ರಿಜಿಸ್ಟರ್ ಓದುವುದು. ಉದ್ದದ ದಪ್ಪ ಪುಸ್ತಕ, ಒಂದು ಸಾಲಿಗೆ ಒಂದು ಮಗು. ಹೆಸರು ಇತ್ತು, ಹುಟ್ಟಿದ ತಾರೀಖು ಇತ್ತು. ಬಲಗಡೆಗೆ ಹೋದಹಾಗೆಲ್ಲ ಕಾಲಂಗಳು ಖಾಲಿ. ಸ್ಯಾಂಪಲ್ ತೆಗೆದ ತಾರೀಖು ಇದ್ದರೆ ಫಲಿತಾಂಶ ಇಲ್ಲ, ಫಲಿತಾಂಶ ಇದ್ದರೆ ತಾಯಿಗೆ ಹೇಳಿದ ತಾರೀಖು ಇಲ್ಲ. ಒಂದು ವರ್ಷದ ಪರೀಕ್ಷೆಯ ಕಾಲಂ ಹೆಚ್ಚುಕಮ್ಮಿ ಇಡೀ ಪುಟ ಬಿಳಿ. ಜಿಲ್ಲೆಯಿಂದ ಬರುವ ಮೇಲಧಿಕಾರಿಗಳು ಇದನ್ನು ನೋಡಿ ಹೇಳುತ್ತಿದ್ದದ್ದು ಒಂದೇ ಮಾತು, ತಾಯಂದಿರು ಬರುವುದಿಲ್ಲ, ಅವರಿಗೆ ತಿಳಿವಳಿಕೆ ಸಾಲದು. ನಮ್ಮ ಊರಲ್ಲೂ ಇದೇ ಮಾತು ಕೇಳಿದ್ದೆ. ನನಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ, ಯಾಕೆಂದರೆ ಅದೇ ತಾಯಂದಿರ ಎಆರ್‌ಟಿ ಕಾರ್ಡು ತೆಗೆದು ನೋಡಿದರೆ ತಿಂಗಳು ತಿಂಗಳೂ ಬಂದು ಮಾತ್ರೆ ತಗೊಂಡು ಹೋಗಿದ್ದಾರೆ. ಮಗು ಬೆನ್ನ ಮೇಲೆಯೇ ಇತ್ತು, ಅಲ್ವಾ? ಬಂದವರನ್ನು ನಾವೇ ನೋಡಿರಲಿಲ್ಲ.

ಹಾಗಾದರೆ ಎಲ್ಲಿ ತಪ್ಪುತ್ತಿದೆ ಅಂತ ನೋಡಲು ಅಲ್ಲಿನ ನರ್ಸ್ ಮತ್ತು ನಾನು ಒಬ್ಬ ತಾಯಿಯನ್ನು ಕೇಳಿಕೊಂಡು ಅವರ ಜೊತೆಯೇ ಕೇಂದ್ರದಲ್ಲಿ ಸುತ್ತಿದೆವು. ಅವರು ಎಲ್ಲಿ ನಿಂತರೆ ನಾವೂ ಅಲ್ಲೇ. ಮೊದಲು ಸಿಕೆಲೊ, ಅಂದರೆ ಮಕ್ಕಳ ತೂಕದ ಜಾಗ. ಜಗಲಿಯ ತೊಲೆಗೆ ನೇತುಹಾಕಿದ ತೂಕದ ಗಡಿಯಾರ, ಅದರ ಕೊಕ್ಕೆಗೆ ಮಗುವಿನ ಚಡ್ಡಿಯಂಥ ಚೀಲ. ತೂಕ ಆಯಿತು. ಮುಂದಿನ ಬೆಂಚಿನಲ್ಲಿ ಆರು ವಾರದ ಪೆಂಟಾವೇಲೆಂಟ್ ಲಸಿಕೆ. ಎಚ್‌ಎಸ್‌ಎ ಲಸಿಕೆ ಹಾಕಿ ಮಗುವಿನ ಆರೋಗ್ಯ ಪುಸ್ತಕದಲ್ಲಿ ಬರೆದ. ಅಲ್ಲಿ ಪ್ರತಿಯೊಬ್ಬರ ಹತ್ತಿರವೂ ಹೆಲ್ತ್ ಪಾಸ್‌ಪೋರ್ಟ್ ಅಂತ ಒಂದು ಪುಸ್ತಕ ಇರುತ್ತದೆ, ತಾಯಿಗೊಂದು, ಮಗುವಿಗೊಂದು. ತಾಯಿಗೆ ಎಚ್‌ಐವಿ ಇರುವ ವಿಷಯ ತಾಯಿಯ ಪುಸ್ತಕದಲ್ಲಿತ್ತು. ಆದರೆ ಎಚ್‌ಎಸ್‌ಎ ತೆಗೆದು ನೋಡಿದ್ದು ಮಗುವಿನದ್ದು ಮಾತ್ರ. ಪರೀಕ್ಷೆ ಮಾಡುವ ಎಚ್‌ಡಿಎ ಕೋಣೆ ಕಟ್ಟಡದ ಇನ್ನೊಂದು ತುದಿಯಲ್ಲಿ. ಅಲ್ಲಿಗೆ ಹೋಗಿ ಅಂತ ಯಾರೂ ಹೇಳಲಿಲ್ಲ. ಎಆರ್‌ಟಿ ಮಾತ್ರೆ ಕೊಡುವುದು ವಾರದ ಬೇರೆ ದಿನ. ಲಸಿಕೆ ಹಾಕಿಸಿಕೊಂಡ ತಾಯಿ ಮಗುವನ್ನು ಮತ್ತೆ ಬೆನ್ನಿಗೆ ಕಟ್ಟಿಕೊಂಡು ಮನೆಗೆ ಹೊರಟರು. ಅವರ ಕಡೆಯಿಂದ ಏನು ತಪ್ಪಿದೆ ಹೇಳಿ? ಆರು ವಾರಕ್ಕೆ ಸರಿಯಾಗಿ ಬಂದಿದ್ದರು. ತೂಕದ ಬೆಂಚಿಗೂ ಪರೀಕ್ಷೆಯ ಕೋಣೆಗೂ ನಡುವೆ ಇದ್ದದ್ದು ನಲವತ್ತು ಹೆಜ್ಜೆ. ಅಲ್ಲಿಯೇ ಮಗು ಕೈತಪ್ಪುತ್ತಿತ್ತು.

ಇದನ್ನು ಮೀಟಿಂಗಿನಲ್ಲಿ ಹೇಳಿದಾಗ ಯಾರೂ ವಾದ ಮಾಡಲಿಲ್ಲ. ಎಲ್ಲರೂ ಅವರವರ ಟೇಬಲ್ ಕೆಲಸ ಚೆನ್ನಾಗಿಯೇ ಮಾಡುತ್ತಿದ್ದರು. ಲಸಿಕೆಯವರ ಲೆಕ್ಕ ಲಸಿಕೆ, ಎಆರ್‌ಟಿಯವರ ಲೆಕ್ಕ ಮಾತ್ರೆ. ತಾಯಿ-ಮಗು ಇಬ್ಬರನ್ನೂ ಸೇರಿಸಿ ನೋಡುವ ಕೆಲಸ ಯಾರ ಲೆಕ್ಕದಲ್ಲೂ ಇರಲಿಲ್ಲ.

ಬದಲಾವಣೆ ಸಣ್ಣ ಸಣ್ಣದಾಗಿ ಮಾಡಿದೆವು. ಒಂದು ವಾರ ಮಾಡಿ ನೋಡುವುದು, ಶುಕ್ರವಾರ ಕೂತು ರಿಜಿಸ್ಟರ್ ತೆಗೆದು ಎಷ್ಟು ಸಾಲು ತುಂಬಿತು ಅಂತ ಎಣಿಸುವುದು, ಸರಿ ಬಂದರೆ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ಬಿಡುವುದು. ಎಲ್ಲಕ್ಕಿಂತ ಮೊದಲು ಎಚ್‌ಡಿಎ ಟೇಬಲ್ಲನ್ನು ಲಸಿಕೆ ಬೆಂಚಿನ ಪಕ್ಕದ ಕೋಣೆಗೆ ತಂದೆವು. ಲಸಿಕೆ ಹಾಕುವ ಎಚ್‌ಎಸ್‌ಎ ತಾಯಿಯ ಪುಸ್ತಕವನ್ನೂ ಕೇಳಿ ನೋಡುವುದು ಅಂತ ಆಯಿತು. ಹೀಗೆ ಕೇಳುವಾಗ ಎಲ್ಲ ತಾಯಂದಿರನ್ನೂ ಕೇಳಬೇಕು, ಕೆಲವರನ್ನಷ್ಟೇ ಕೇಳಿದರೆ ಪಕ್ಕದಲ್ಲಿ ಕೂತವರಿಗೆ ವಿಷಯ ಗೊತ್ತಾಗಿಬಿಡುತ್ತದೆ. ಇದನ್ನು ಹೇಳಿದ್ದು ಒಬ್ಬ ತಾಯಿ, ನಮಗ್ಯಾರಿಗೂ ಹೊಳೆದಿರಲಿಲ್ಲ. ಆಮೇಲೆ ತಾಯಿಯ ಎಆರ್‌ಟಿ ಕಾರ್ಡು, ಮಗುವಿನ ಕಾರ್ಡು ಎರಡನ್ನೂ ಒಂದೇ ದಾರದಲ್ಲಿ ಕಟ್ಟಿಟ್ಟೆವು. ಒಂದು ತೆಗೆದರೆ ಇನ್ನೊಂದೂ ಕೈಗೆ ಬರಬೇಕು. ಇಬ್ಬರಿಗೂ ಒಂದೇ ದಿನ, ಒಂದೇ ಕೋಣೆ, ಒಬ್ಬರೇ ನರ್ಸ್. ತಾಯಿಗೆ ಮಾತ್ರೆ ಕೊಡುವ ಮೊದಲು ಮಗುವಿನ ಕಾರ್ಡು ನೋಡುವುದು. ಎಲ್ಲದರಲ್ಲಿ ಹೆಚ್ಚು ಕೆಲಸ ಮಾಡಿದ್ದು ಈ ದಾರವೇ ಅಂತ ನನ್ನ ಅನಿಸಿಕೆ. ಖರ್ಚು ಹೆಚ್ಚುಕಮ್ಮಿ ಏನೂ ಇಲ್ಲ.

ಸ್ಯಾಂಪಲ್ ತೆಗೆಯುವುದು ನೋಡಲು ಸುಲಭ, ಸರಿಯಾಗಿ ಮಾಡುವುದು ಕಷ್ಟ. ಲ್ಯಾಬಿನಿಂದ ಆಗಾಗ ಸ್ಯಾಂಪಲ್ ತಿರಸ್ಕಾರ ಆಗಿ ವಾಪಸ್ ಬರುತ್ತಿತ್ತು, ರಕ್ತ ಸಾಲದು, ಒದ್ದೆ ಇತ್ತು, ಹೆಸರು ಸರಿ ಇಲ್ಲ ಅಂತ. ಹಾಗಾಗಿ ಎಚ್‌ಡಿಎ ಹುಡುಗನ ಜೊತೆ ಕೂತು ಒಂದೊಂದು ಹೆಜ್ಜೆಯನ್ನೂ ನಿಧಾನಕ್ಕೆ ಮಾಡಿದೆವು. ಕೂಸನ್ನು ತಾಯಿಯ ತೊಡೆಯ ಮೇಲೆ ಕಾಲು ಇಳಿಬಿಟ್ಟು ನೆಟ್ಟಗೆ ಕೂರಿಸಬೇಕು. ಜೂನ್-ಜುಲೈಯಲ್ಲಿ ಅಲ್ಲಿ ಚಳಿ, ಕೂಸಿನ ಪಾದ ತಣ್ಣಗಿದ್ದರೆ ರಕ್ತ ಬರುವುದೇ ಇಲ್ಲ, ಮೊದಲು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಬೇಕು. ಹಿಮ್ಮಡಿಯ ನಡುವೆ ಚುಚ್ಚಬಾರದು, ಅಂಚಿನಲ್ಲಿ ಚುಚ್ಚಬೇಕು. ಮೊದಲ ಹನಿ ಒರೆಸಿ ಬಿಡುವುದು. ಆಮೇಲೆ ದೊಡ್ಡ ಹನಿ ತುಂಬಿಕೊಳ್ಳುವ ತನಕ ತಾಳ್ಮೆಯಿಂದ ಕಾಯುವುದು, ಹಿಂಡಬಾರದು. ದಪ್ಪ ಫಿಲ್ಟರ್ ಕಾಗದದ ಮೇಲೆ ಐದು ವೃತ್ತ ಇರುತ್ತದೆ. ಕಾಗದವನ್ನು ಹನಿಗೆ ಸುಮ್ನೆ ತಾಗಿಸಿದರೆ ಸಾಕು, ರಕ್ತ ತಾನೇ ಹೀರಿಕೊಂಡು ವೃತ್ತ ತುಂಬುತ್ತದೆ, ತಿರುಗಿಸಿ ನೋಡಿದರೆ ಹಿಂದೆಯೂ ಅಷ್ಟೇ ಕೆಂಪು ಕಾಣಬೇಕು. ಐದು ವೃತ್ತ ತುಂಬುವಷ್ಟರಲ್ಲಿ ಕೂಸು ಅತ್ತು ಅತ್ತು ಬೆವರಿರುತ್ತದೆ, ತಾಯಿಯ ಕಣ್ಣಲ್ಲೂ ನೀರು. ಅದಕ್ಕೇ ಒಂದೇ ಸಲಕ್ಕೆ ಸರಿಯಾಗಿ ಆಗಬೇಕು. ಸ್ಯಾಂಪಲ್ ತಿರಸ್ಕಾರ ಆದರೆ ಅದೇ ಪಾದವನ್ನು ಮತ್ತೆ ಚುಚ್ಚಬೇಕಲ್ಲ.

ಕಾಗದವನ್ನು ಸ್ಟ್ಯಾಂಡಿನಲ್ಲಿ ಸಿಕ್ಕಿಸಿ, ಬಿಸಿಲು ತಾಗದ ಕಡೆ ಕನಿಷ್ಠ ಮೂರು ಗಂಟೆ ಒಣಗಿಸಬೇಕು. ಮಳೆಗಾಲದಲ್ಲಿ ಮೂರು ಗಂಟೆಗೆ ಒಣಗುವುದಿಲ್ಲ, ರಾತ್ರಿ ಪೂರ್ತಿ ಬಿಡುತ್ತಿದ್ದೆವು. ನೊಣ ಕೂರದ ಹಾಗೆ ಸೊಳ್ಳೆಪರದೆಯ ತುಂಡು ಮುಚ್ಚುತ್ತಿದ್ದೆವು. ಒಣಗಿದ ಮೇಲೆ ತೆಳು ಕಾಗದ ನಡುವೆ ಇಟ್ಟು, ತೇವ ಹೀರುವ ಪೊಟ್ಟಣ ಹಾಕಿ, ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ. ಹೀಗೆ ಒಣಗಿದ ರಕ್ತ ಫ್ರಿಜ್ ಇಲ್ಲದೆ ಊರೂರು ದಾಟಿ ಹೋಗಬಲ್ಲದು. ಹಳ್ಳಿಗಾಡಿನ ಕೂಸಿಗೂ ಪಿಸಿಆರ್ ಸಿಗುವುದು ಈ ಕಾಗದದ ದೆಸೆಯಿಂದ.

ಅಲ್ಲಿಂದ ಮುಂದೆ ಬೈಕಿನವರ ಕೆಲಸ. ಮೋಟರ್‌ಸೈಕಲ್ ಮೇಲೆ ಕೇಂದ್ರದಿಂದ ಕೇಂದ್ರಕ್ಕೆ ಹೋಗಿ ಸ್ಯಾಂಪಲ್ ಎತ್ತಿಕೊಂಡು ಹೋಗುತ್ತಾರೆ, ಫಲಿತಾಂಶದ ಕಾಗದ ತಂದುಕೊಡುತ್ತಾರೆ. 2016ರ ಮಾರ್ಚ್‌ನಲ್ಲಿ ಯುನಿಸೆಫ್ ಮತ್ತು ಮಲಾವಿ ಸರ್ಕಾರ ಸೇರಿ ಲಿಲೊಂಗ್ವೆಯಲ್ಲಿ ಡ್ರೋನ್ ಮೇಲೆ ಇಂಥ ಸ್ಯಾಂಪಲ್ ಕಳಿಸಿ ಪರೀಕ್ಷೆ ಮಾಡಿದ್ದವು, ಸುಮಾರು ಹತ್ತು ಕಿಲೋಮೀಟರ್ ಹಾರಿಸಿ ಕಮುಜು ಸೆಂಟ್ರಲ್ ಆಸ್ಪತ್ರೆಗೆ. ಊರಿನ ಗೆಳತಿಯರು ಈಗಲೂ ಮೊದಲು ಕೇಳುವುದು ಅದನ್ನೇ, ಡ್ರೋನ್ ನೋಡಿದೆಯಾ ಅಂತ. ಒಳ್ಳೆಯ ಪ್ರಯತ್ನವೇ, ರಸ್ತೆ ಕೊಚ್ಚಿಹೋದಾಗ ಬೇಕಾಗಬಹುದು. ಆದರೆ ನಮ್ಮ ಕೇಂದ್ರದ ಪುಸ್ತಕದಲ್ಲಿ ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಸ್ಯಾಂಪಲ್ ರಸ್ತೆ ಮೇಲೆ ಇದ್ದ ಹೊತ್ತು ಬಹಳ ಕಡಿಮೆ. ಹೊರಡುವ ಮೊದಲು ಕಪಾಟಿನಲ್ಲಿ, ಲ್ಯಾಬಿಗೆ ಹೋದ ಮೇಲೆ ಸರದಿಯಲ್ಲಿ, ಫಲಿತಾಂಶ ಬಂದ ಮೇಲೆ ಮತ್ತೆ ನಮ್ಮದೇ ಡ್ರಾಯರ್‌ನಲ್ಲಿ. ಕಾಯುತ್ತಿದ್ದದ್ದು ಇಲ್ಲೆಲ್ಲ.

ಡ್ರಾಯರ್ ಬಗ್ಗೆ ಬರೆಯುವುದು ನನಗೆ ಕಷ್ಟ. ಒಂದು ದಿನ ಅದನ್ನು ಪೂರ್ತಿ ಖಾಲಿ ಮಾಡಿ ಟೇಬಲ್ ಮೇಲೆ ಹರಡಿದಾಗ ಯಾರಿಗೂ ಹೇಳದ ಫಲಿತಾಂಶಗಳು ಸಿಕ್ಕವು. ಹೆಚ್ಚಿನವು ನೆಗೆಟಿವ್. ಒಂದು ಪಾಸಿಟಿವ್, ಹೆಣ್ಣು ಕೂಸಿನದು, ಬಂದು ವಾರಗಳಾಗಿದ್ದವು. ತಾಯಿಯ ಕಾರ್ಡು ತೆಗೆದೆವು. ಈ ನಡುವೆ ಅವರು ಮಾತ್ರೆಗೆ ಬಂದು ಹೋಗಿದ್ದರು, ಅದೇ ಕಟ್ಟಡಕ್ಕೆ, ಆ ಡ್ರಾಯರ್ ಇರುವ ಕೋಣೆಯ ಪಕ್ಕಕ್ಕೇ. ಎಚ್‌ಎಸ್‌ಎ ಸೈಕಲ್ ಹತ್ತಿ ಹಳ್ಳಿಗೆ ಹೋದಾಗ ಮಗು ನ್ಯುಮೋನಿಯಾ ಆಗಿ ಜಿಲ್ಲಾ ಆಸ್ಪತ್ರೆಯಲ್ಲಿದೆ ಅಂತ ಗೊತ್ತಾಯಿತು. ಮಗು ಉಳಿಯಲಿಲ್ಲ. ಕೋಟ್ರಿಮಾಕ್ಸಜೋಲ್ ಆರನೇ ವಾರಕ್ಕೇ ಶುರು ಮಾಡಬೇಕು ಅನ್ನುವುದು ಇಂಥ ನ್ಯುಮೋನಿಯಾ ತಡೆಯುವುದಕ್ಕೇ. ಆ ಮಗುವಿನ ಪುಸ್ತಕದಲ್ಲಿ ಅದೂ ಬರೆದಿರಲಿಲ್ಲ.

ಅದಾದ ಮೇಲೆ ಮೀಟಿಂಗ್ ಕರೆಯಬೇಕಾಗಲಿಲ್ಲ. ಮೆಡಿಕಲ್ ಅಸಿಸ್ಟೆಂಟ್ ತಾವೇ ಡ್ರಾಯರ್ ತೆಗೆಸಿ, ಗೋಡೆಗೆ ಒಂದು ಬೋರ್ಡು ಹೊಡೆಸಿದರು. ಹೆಸರಿಲ್ಲ, ಬರೀ ನಂಬರ್. ಸ್ಯಾಂಪಲ್ ಹೋದ ದಿನ, ಫಲಿತಾಂಶ ಬಂದ ದಿನ, ತಾಯಿಗೆ ಹೇಳಿದ ದಿನ. ಬೈಕಿನವನು ಲಕೋಟೆ ಕೊಟ್ಟ ಕೂಡಲೇ ಅವನ ಎದುರೇ ಒಡೆದು ನೋಡುವುದು. ಪಾಸಿಟಿವ್ ಇದ್ದರೆ ಅವತ್ತೇ ಫೋನು, ಫೋನಿಲ್ಲದಿದ್ದರೆ ಅವತ್ತೇ ಸೈಕಲ್. ಮಗು ಬಂದ ದಿನವೇ ಎರಡನೇ ಸ್ಯಾಂಪಲ್ ತೆಗೆದು ಕಳಿಸಿ, ಅದರ ಉತ್ತರಕ್ಕೆ ಕಾಯದೆ ಔಷಧಿ ಶುರು. ನಿಯಮ ಮೊದಲೂ ಹಾಗೇ ಇತ್ತು. ಎರಡನೇದು ಬರಲಿ ಅಂತ ಕಾಯುವ ರೂಢಿ ಮಾತ್ರ ಎಲ್ಲಿಂದಲೋ ಬಂದುಬಿಟ್ಟಿತ್ತು.

ಆಮೇಲೆ ಹತ್ತಿರದ ಆಸ್ಪತ್ರೆಗೆ ಸಣ್ಣ ಮಷಿನ್ ಬಂತು, ಹಿಮ್ಮಡಿಯ ರಕ್ತ ಹಾಕಿದರೆ ಒಂದು ಗಂಟೆಯೊಳಗೆ ಅಲ್ಲೇ ಉತ್ತರ. ಬ್ಯಾಟರಿ ಮೇಲೂ ನಡೆಯುತ್ತದೆ. ಅದು ಸಣ್ಣ ವಿಷಯ ಅಲ್ಲ. ಮಲಾವಿಯ ಕರೆಂಟು ಹೆಚ್ಚಾಗಿ ಶಿರೆ ನದಿಯ ನೀರಿನಿಂದ ಬರುತ್ತದೆ, 2017ರ ಕೊನೆಯಲ್ಲಿ ಆ ನದಿ ಹುಟ್ಟುವ ಮಲಾವಿ ಸರೋವರದ ನೀರು ಇಳಿದು ದಿನಗಟ್ಟಲೆ ಕರೆಂಟಿಲ್ಲದೆ ಒದ್ದಾಡಿದ್ದನ್ನು ನಾನೇ ಕಂಡಿದ್ದೇನೆ. ಇಂಥ ಮಷಿನ್‌ಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಒಪ್ಪಿಗೆ ಕೊಟ್ಟಿತ್ತು. ತಾಯಿ ಫಲಿತಾಂಶ ಕೈಯಲ್ಲಿ ಹಿಡಿದೇ ಮನೆಗೆ ಹೋಗುವುದಾದರೆ ಲಕೋಟೆಯೂ ಬೇಡ, ಡ್ರಾಯರೂ ಬೇಡ. ಎಲ್ಲ ಕಡೆಗೂ ಇದೇ ಬರಲಿ ಅನ್ನುವುದು ನನ್ನ ಆಸೆ.

ಇನ್ನು ಔಷಧಿ. ನೆವಿರಪಿನ್ ಸಿರಪ್ ಸುಲಭ, ಎರಡೂವರೆ ಕೆಜಿ ಮೇಲಿನ ಕೂಸಿಗೆ ದಿನಕ್ಕೊಮ್ಮೆ 1.5 ಎಂಎಲ್, ಅದಕ್ಕಿಂತ ಚಿಕ್ಕದಕ್ಕೆ 1 ಎಂಎಲ್. ಸಿರಿಂಜಿನ ಮೇಲೆ ಎಷ್ಟು ಅಂತ ಪೆನ್ನಿನಲ್ಲಿ ಗೆರೆ ಎಳೆದು, ತಾಯಿಯ ಕೈಯಲ್ಲೇ ಎಳೆಸಿ ತೋರಿಸುತ್ತಿದ್ದೆವು. ಹೆರಿಗೆಗೆ ಮೊದಲೇ ಬಾಟಲಿ ಕೊಟ್ಟುಬಿಡುವುದು ಒಳ್ಳೆಯದು, ದಾರಿಯಲ್ಲೋ ಮನೆಯಲ್ಲೋ ಹೆರಿಗೆ ಆದರೂ ಮೊದಲ ದಿನದ ಡೋಸ್ ತಪ್ಪುವುದಿಲ್ಲ.

ಕಷ್ಟ ಇದ್ದದ್ದು ಸೋಂಕು ತಗುಲಿದ ಕೂಸುಗಳ ಔಷಧಿಯಲ್ಲಿ. ಲೊಪಿನಾವಿರ್ ಸಿರಪ್ ಬಾಯಿಗಿಟ್ಟರೆ ಬೇವಿನ ಕಷಾಯ ಕುಡಿದ ಹಾಗೆ, ಮೇಲಿಂದ ಅದರಲ್ಲಿ ಶೇ. 42ರಷ್ಟು ಆಲ್ಕೋಹಾಲ್, ಅಂಗಡಿಯಿಂದ ಮನೆ ತನಕ ತಂಪಾಗಿ ಇಡಬೇಕು. ಫ್ರಿಜ್ ಎಲ್ಲಿಂದ ತರುವುದು? ಸಣ್ಣ ಕಾಳಿನಂಥ ಪೆಲೆಟ್ ಬಂದಮೇಲೆ ತಂಪಿನ ತೊಂದರೆ ತಪ್ಪಿತು, ಕಹಿ ಹೋಗಲಿಲ್ಲ. ತಾಯಂದಿರು ಮೆಕ್ಕೆಜೋಳದ ಗಂಜಿಯ ಮೇಲೆ ಉದುರಿಸಿ ತಿನ್ನಿಸುತ್ತಿದ್ದರು, ಮಗು ಉಗುಳಿದರೆ ಕೊಟ್ಟ ಲೆಕ್ಕವೋ ಅಲ್ಲವೋ ಅಂತ ನಮ್ಮನ್ನು ಕೇಳುತ್ತಿದ್ದರು. 2021ರಲ್ಲಿ ಮಕ್ಕಳ ಡೊಲುಟೆಗ್ರಾವಿರ್ ಬಂತು, 10 ಮಿಲಿಗ್ರಾಂ ಮಾತ್ರೆ, ಸ್ಟ್ರಾಬೆರಿ ರುಚಿ, ಒಂದು ಚಮಚ ನೀರಿನಲ್ಲಿ ಕರಗುತ್ತದೆ. ಆರರಿಂದ ಹತ್ತು ಕೆಜಿ ಮಗುವಿಗೆ ದಿನಕ್ಕೆ ಒಂದೂವರೆ ಮಾತ್ರೆ. ಮೊದಲು ಸಿಕ್ಕ ದೇಶಗಳಲ್ಲಿ ಮಲಾವಿಯೂ ಒಂದು. ಇದನ್ನು ಕಡಿಮೆ ಬೆಲೆಗೆ ಮೊದಲು ತಯಾರಿಸಿದವರಲ್ಲಿ ನಮ್ಮ ದೇಶದ ಮ್ಯಾಕ್ಲಿಯೋಡ್ಸ್ ಕಂಪನಿ ಇದೆ, ಒಂದು ಮಗುವಿಗೆ ವರ್ಷಕ್ಕೆ 40 ಡಾಲರ್‌ಗಿಂತ ಕಡಿಮೆ. 2001ರಲ್ಲಿ ದೊಡ್ಡವರ ಮೂರು ಔಷಧಿಗಳನ್ನು ನಮ್ಮದೇ ಸಿಪ್ಲಾ ಕಂಪನಿ ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆಗೆ ಕೊಡುತ್ತೇನೆ ಅಂದಾಗ ಶುರುವಾದ ದಾರಿ ಇದು. ಮೊದಲ ಸಲ ಈ ಮಾತ್ರೆ ಕರಗಿಸಿ ಕೊಟ್ಟಾಗ ಮಗು ಚಮಚ ನೆಕ್ಕಿ ಇನ್ನೂ ಬೇಕು ಅಂತ ಬಾಯಿ ತೆರೆಯಿತು. ತಾಯಿ ನನ್ನ ಕಡೆ ನೋಡಿ ನಕ್ಕರು. ಡಬ್ಬಿಯ ಮೇಲೆ ಮೇಡ್ ಇನ್ ಇಂಡಿಯಾ ಅಂತ ಇದ್ದದ್ದನ್ನು ನಾನು ಅವರಿಗೆ ಬೆರಳಿಟ್ಟು ತೋರಿಸಿದೆ.

ಮನೆಯ ವಿಷಯ. ನಮ್ಮ ಕಡೆ ಇಂಥ ಬಾಟಲಿ ಮುಚ್ಚಿಡುವುದು ಅತ್ತೆಯ ಕಣ್ಣಿಗೆ ಬೀಳಬಾರದು ಅಂತ. ಮಧ್ಯ ಮಲಾವಿಯ ಚೆವಾ ಜನರಲ್ಲಿ ವಂಶ ತಾಯಿಯ ಕಡೆಯಿಂದ ನಡೆಯುತ್ತದೆ, ಎಷ್ಟೋ ಹಳ್ಳಿಗಳಲ್ಲಿ ಮದುವೆಯಾದ ಗಂಡಸೇ ಹೆಂಡತಿಯ ಊರಿಗೆ ಬಂದಿರುತ್ತಾನೆ. ಅಲ್ಲಿ ಮಾತು ನಡೆಯುವುದು ಹೆಂಡತಿಯ ತಾಯಿಯದು, ಸೋದರಮಾವನದು. ಮಗುವನ್ನು ದಿನವೆಲ್ಲ ಎತ್ತಿಕೊಂಡಿರುವ ಅಜ್ಜಿಗೆ ವಿಷಯ ಗೊತ್ತಿದ್ದರೆ ಔಷಧಿ ತಪ್ಪುವುದಿಲ್ಲ. ಹಾಗಾಗಿ ತಾಯಿ ಒಪ್ಪಿದರೆ ಅಜ್ಜಿಯನ್ನೂ ಕರೆಸಿ ಸಿರಿಂಜ್ ಹಿಡಿಯುವುದನ್ನು ಕಲಿಸುತ್ತಿದ್ದೆವು. ಒಪ್ಪದಿದ್ದರೆ ಬಾಟಲಿಯ ಚೀಟಿ ಕಿತ್ತು ಕೊಡುತ್ತಿದ್ದೆವು. ಯಾರಿಗೆ ಹೇಳಬೇಕು ಅನ್ನುವುದು ಅವರ ಹಕ್ಕು.

ಇದೆಲ್ಲ ಕಲಿಸಿದ್ದು ನಾನಲ್ಲ, ಅಲ್ಲಿನ ಮೆಂಟರ್ ತಾಯಂದಿರು. ತಮಗೇ ಎಚ್‌ಐವಿ ಇದ್ದು, ಮಾತ್ರೆ ನುಂಗುತ್ತಾ, ಸೋಂಕಿಲ್ಲದ ಮಕ್ಕಳನ್ನು ಬೆಳೆಸಿದವರು. ಈ ಥರದ ಕೆಲಸವನ್ನು 2001ರಲ್ಲಿ ಕೇಪ್‌ಟೌನ್‌ನಲ್ಲಿ ಮದರ್ಸ್‌ಟುಮದರ್ಸ್ ಅನ್ನುವ ಸಂಸ್ಥೆ ಶುರು ಮಾಡಿತು, ಈಗ ಆಫ್ರಿಕಾದ ಹಲವು ದೇಶಗಳಲ್ಲಿ ಇದೆ. ಅವತ್ತಷ್ಟೇ ಪಾಸಿಟಿವ್ ಅಂತ ಗೊತ್ತಾಗಿ ಗೋಡೆ ಕಡೆ ಮುಖ ಮಾಡಿ ಕೂತ ಹುಡುಗಿಯ ಪಕ್ಕ ಅವರಲ್ಲೊಬ್ಬರು ಹೋಗಿ ಕೂತು, ಚೀಲದಿಂದ ತಮ್ಮ ಮಾತ್ರೆ ಡಬ್ಬಿ ತೆಗೆದು ಬೆಂಚಿನ ಮೇಲಿಟ್ಟು, ಹೊರಗೆ ಮಣ್ಣಿನಲ್ಲಿ ಆಡುತ್ತಿದ್ದ ಮಗನನ್ನು ಕೂಗಿ ಕರೆದದ್ದನ್ನು ನೋಡಿದ್ದೇನೆ. ಆ ಹುಡುಗಿ ತುಂಬ ಹೊತ್ತು ಆ ಮಗುವನ್ನೇ ನೋಡಿದಳು. ಆಮೇಲೆ ಎದ್ದು ಮಾತ್ರೆ ತಗೊಂಡಳು.

ಇವರ ಕೈಯಲ್ಲಿ ನಾವು ಕೊಟ್ಟ ಇನ್ನೊಂದು ಕೆಲಸ ಬಸುರಿನಲ್ಲಿ ನೆಗೆಟಿವ್ ಇದ್ದ ತಾಯಂದಿರದು. ಇದನ್ನು ಯಾರೂ ಅಷ್ಟು ಗಮನಿಸುವುದಿಲ್ಲ. ಮೊದಲ ಪರೀಕ್ಷೆಯಲ್ಲಿ ಸೋಂಕಿಲ್ಲ, ಹಾಲೂಡಿಸುವ ಕಾಲದಲ್ಲಿ ಹೊಸದಾಗಿ ತಗಲುತ್ತದೆ. ಹೊಸ ಸೋಂಕಿನಲ್ಲಿ ವೈರಸ್ ತುಂಬ ಜಾಸ್ತಿ, ಹಾಲಿನಿಂದ ಮಗುವಿಗೆ ಹೋಗುವ ಭಯವೂ ಜಾಸ್ತಿ. ಪುಸ್ತಕದಲ್ಲಿ ನೆಗೆಟಿವ್ ಅಂತ ಇರುವುದರಿಂದ ಆ ಮಗು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಲಸಿಕೆಗೆ ಬಂದಾಗ ಹಳೆಯ ತಾರೀಖು ನೋಡಿ ಮತ್ತೆ ಪರೀಕ್ಷೆ ಮಾಡಿಸಿ ಅಂತ ಹೇಳಲು ಶುರು ಮಾಡಿದ ಮೇಲೆ ಇಂಥ ತಾಯಂದಿರು ಸಿಕ್ಕರು.

ಎಲ್ಲವೂ ಸರಿಹೋಯಿತು ಅಂತ ಹೇಳಲಾರೆ. ಆರನೇ ವಾರದ ಕಾಲಂ ತುಂಬಿತು, ಫಲಿತಾಂಶದ ಕಾಲಂ ಹೆಚ್ಚುಕಮ್ಮಿ ತುಂಬಿತು. ಎರಡು ವರ್ಷದ ಕೊನೆಯ ಪರೀಕ್ಷೆ ಮಾತ್ರ ನಾನು ಹೊರಡುವ ತನಕವೂ ಹಿಂದೆಯೇ ಇತ್ತು. ಆರು ವಾರಕ್ಕೆ ನೆಗೆಟಿವ್ ಬಂದರೆ ತಾಯಿಗೆ ಗೆದ್ದ ಹಾಗಾಗುತ್ತದೆ, ನಡೆಯಲು ಕಲಿತ ಮಗುವನ್ನು ಮತ್ತೆ ಯಾಕೆ ಚುಚ್ಚಿಸುವುದು ಅನ್ನಿಸುತ್ತದೆ. ತಂಬಾಕು ಕೆಲಸಕ್ಕೆ ಊರು ಬಿಟ್ಟು ಹೋದವರೂ ಇರುತ್ತಾರೆ. ಹಾಲು ಕುಡಿಯುವ ತನಕ ಅಪಾಯ ಇದ್ದೇ ಇರುತ್ತದೆ ಅನ್ನುವುದನ್ನು ಪ್ರತಿ ಸಲವೂ, ಪ್ರತಿಯೊಬ್ಬರಿಗೂ ಹೇಳಬೇಕು. ಜಗತ್ತಿನ ಲೆಕ್ಕದಲ್ಲೂ ಮಕ್ಕಳು ಹಿಂದೆಯೇ ಇದ್ದಾರೆ. 2023ರಲ್ಲಿ ಎಚ್‌ಐವಿ ಇರುವ ದೊಡ್ಡವರಲ್ಲಿ ಶೇ. 77 ಜನಕ್ಕೆ ಚಿಕಿತ್ಸೆ ಸಿಗುತ್ತಿದ್ದರೆ, ಮಕ್ಕಳಲ್ಲಿ ಶೇ. 57ಕ್ಕೆ ಮಾತ್ರ.

2021ರ ಕೊನೆಗೆ ಊರಿಗೆ ಬಂದೆ. ಕೇಂದ್ರದ ಆ ನರ್ಸ್ ಜೊತೆ ವಾಟ್ಸ್ಆ್ಯಪ್‌ನಲ್ಲಿ ಮಾತು ನಿಂತಿಲ್ಲ. 2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ವಿದೇಶಿ ನೆರವನ್ನು ತಡೆಹಿಡಿದಾಗ ಅವರ ಧ್ವನಿಯಲ್ಲಿ ಗಾಬರಿ ಇತ್ತು. ಮೆಂಟರ್ ತಾಯಂದಿರಿಗೆ ಸಿಗುತ್ತಿದ್ದ ಸಣ್ಣ ಹಣ ಆ ನೆರವಿನಿಂದ ಬರುತ್ತಿತ್ತು. ಅದು ನಿಂತಿತು, ಕೆಲವರು ಬರುವುದು ಬಿಟ್ಟರು, ಬೇರೆ ದಾರಿ ಇರಲಿಲ್ಲ. ಔಷಧಿಗೆ ದುಡ್ಡು ಹುಡುಕಲು ಎಲ್ಲರೂ ಓಡುತ್ತಾರೆ, ಮನೆಮನೆಗೆ ಹೋಗಿ ಮಗುವನ್ನು ಕರೆತರುವ ಹೆಂಗಸಿನ ಸಂಬಳ ಯಾರಿಗೂ ನೆನಪಾಗುವುದಿಲ್ಲ. ಎಚ್‌ಎಸ್‌ಎಗಳಿಗೆ ಮಲಾವಿ ಸರ್ಕಾರವೇ ಸಂಬಳ ಕೊಡುತ್ತದೆ, ಈ ತಾಯಂದಿರನ್ನೂ ಅದೇ ಪಟ್ಟಿಗೆ ಸೇರಿಸಬೇಕು ಅಂತ ಆ ನರ್ಸ್ ಜಿಲ್ಲೆಗೆ ಬರೆದಿದ್ದಾರೆ. ಅಲ್ಲಿಯ ತನಕ ಶುಕ್ರವಾರದ ಎಣಿಕೆ ಮುಗಿದ ಮೇಲೆ, ಆ ವಾರ ಬರದ ಮಕ್ಕಳ ಮನೆಗೆ ಫೋನ್ ಮಾಡುವ ಕೆಲಸ ಅವರದೇ.